ನಂಬರ್ ಒನ್ ಹುಡುಗನ ಮೊದಲ ಹತ್ತು ಪಂದ್ಯ

2024ರ ಏಪ್ರಿಲ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳ ಕಣ್ಣೆಲ್ಲ ಒಬ್ಬ ಆಟಗಾರನ ಮೇಲಿತ್ತು. ಹೆಸರು ಜಾಕ್ಸನ್ ಹಾಲಿಡೇ, ತಂಡ ಬಾಲ್ಟಿಮೋರ್ ಓರಿಯೋಲ್ಸ್. ಆಗ ಅವರಿಗೆ 20 ವರ್ಷ, ಅಂದರೆ ಈಗಿನ ನನ್ನ ವಯಸ್ಸು. ಮುಖ್ಯ ಪಟ್ಟಿಗಳೆಲ್ಲ ಅವರನ್ನು ಇಡೀ ಬೇಸ್‌ಬಾಲ್‌ನ ನಂಬರ್ ಒನ್ ಭರವಸೆಯ ಆಟಗಾರ ಎಂದು ಸಾರಿದ್ದವು. ಇಂಥವರನ್ನು ಅಲ್ಲಿ 'ಪ್ರಾಸ್ಪೆಕ್ಟ್' ಎನ್ನುತ್ತಾರೆ. ಮೊದಲ ಹತ್ತು ಪಂದ್ಯಗಳಲ್ಲಿ ಹಾಲಿಡೇ 34 ಸಲ ಬ್ಯಾಟ್ ಬೀಸಲು ನಿಂತರು. ಹಿಟ್ ಬಂದದ್ದು ಎರಡೇ ಎರಡು. 18 ಸಲ ಸ್ಟ್ರೈಕ್‌ಔಟ್. ಎರಡು ವಾರ ಕಳೆಯುವಷ್ಟರಲ್ಲಿ ಅವರನ್ನು ಮತ್ತೆ ಕೆಳಗಿನ ಲೀಗ್‌ಗೆ ಕಳಿಸಲಾಯಿತು.

ಹಾಗಾದರೆ ಪಟ್ಟಿ ಮಾಡಿದವರೆಲ್ಲ ತಪ್ಪಿದರೇ? ನಮ್ಮಲ್ಲಿ ಬೇಸ್‌ಬಾಲ್ ನೋಡುವವರು ಕಡಿಮೆ, ನಿಜ. ನನ್ನನ್ನು ಸೆಳೆದದ್ದೂ ಆಟಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಲೆಕ್ಕ. ಹದಿನೆಂಟು, ಇಪ್ಪತ್ತರ ಹುಡುಗರು ಐದು ವರ್ಷದ ನಂತರ ಏನಾಗುತ್ತಾರೆ ಎಂದು ಈಗಲೇ ಊಹಿಸಿ, ಅಂಕ ಹಾಕಿ, ಅದರ ಮೇಲೆ ಕೋಟಿಗಟ್ಟಲೆ ಹಣ ಹೂಡುವ ವ್ಯವಸ್ಥೆ ಅದು. ಪ್ಲೇಸ್‌ಮೆಂಟ್ ಸೀಸನ್‌ನ ಹೊಸ್ತಿಲಲ್ಲಿರುವ ನಮಗೆ ಇದು ತೀರಾ ಅಪರಿಚಿತವೇನಲ್ಲ.

ಸೋತು ಸೋತು ಕಟ್ಟಿದ ತಂಡ

ಅಮೆರಿಕದ ದೊಡ್ಡ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡದ ಕೆಳಗೂ ಏಣಿಯ ಹಾಗೆ ಮೈನರ್ ಲೀಗ್ ತಂಡಗಳು: ಸಿಂಗಲ್-ಎ, ಹೈ-ಎ, ಡಬಲ್-ಎ, ತುದಿಯಲ್ಲಿ ಟ್ರಿಪಲ್-ಎ. ಶಾಲೆ, ಕಾಲೇಜಿನಿಂದ ಆಯ್ಕೆಯಾದವರು ಈ ಮೆಟ್ಟಿಲು ಹತ್ತಿಯೇ ಮೇಲೆ ಬರಬೇಕು. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗುವುದು ಹಳೆಯ ಪದ್ಧತಿ. 2023ರಿಂದ ಇದಕ್ಕೆ ಲಾಟರಿಯೂ ಸೇರಿದೆ.

ಓರಿಯೋಲ್ಸ್ 2018ರಲ್ಲಿ 162 ಪಂದ್ಯಗಳಲ್ಲಿ 115 ಸೋತಿತು. ಆ ವರ್ಷದ ಕೊನೆಯಲ್ಲಿ ಮೈಕ್ ಇಲಾಯಸ್ ಎಂಬುವರು ತಂಡದ ಹೊಣೆ ಹೊತ್ತರು. ಜತೆಗೆ ಬಂದವರು ಸಿಗ್ ಮೆಯ್ದಾಲ್. ಎಂಜಿನಿಯರಿಂಗ್ ಓದಿ, ನಾಸಾದಲ್ಲಿ ಕೆಲಸ ಮಾಡಿ, ಬಳಿಕ ಬೇಸ್‌ಬಾಲ್‌ಗೆ ಹೊರಳಿದವರು. ಇಬ್ಬರೂ ಹ್ಯೂಸ್ಟನ್ ಆಸ್ಟ್ರೋಸ್‌ನಲ್ಲಿ ಪಳಗಿದವರು. ಅವರ ಯೋಜನೆ ಸರಳ: ಈಗ ಗೆಲ್ಲುವ ಆಸೆ ಬಿಡಿ, ಹೊಸಬರನ್ನು ಬೆಳೆಸಿ. 2019ರಲ್ಲಿ 108 ಸೋಲು, 2021ರಲ್ಲಿ 110 ಸೋಲು. ಆ ಸೋಲುಗಳ ಫಲವಾಗಿ 2019ರಲ್ಲಿ ಆಡ್ಲಿ ರಚ್‌ಮನ್, 2022ರಲ್ಲಿ ಹಾಲಿಡೇ ಮೊದಲ ಆಯ್ಕೆಯಾಗಿ ಬಂದರು. ಗನ್ನರ್ ಹೆಂಡರ್ಸನ್ 2019ರಲ್ಲಿ 42ನೇ ಆಯ್ಕೆ. 2023ರಲ್ಲಿ ಇದೇ ತಂಡ 101 ಪಂದ್ಯ ಗೆದ್ದಿತು. ಹೆಂಡರ್ಸನ್ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿಗೆ ಸರ್ವಾನುಮತದಿಂದ ಆಯ್ಕೆಯಾದರು.

ಅಂಕ ಹಾಕುವುದು ಹೇಗೆ?

ಪ್ರತಿಭೆ ಹುಡುಕುವ ಸ್ಕೌಟ್‌ಗಳು ಬಳಸುವುದು 20ರಿಂದ 80ರವರೆಗಿನ ಅಳತೆಗೋಲು. 50 ಎಂದರೆ ದೊಡ್ಡ ಲೀಗ್‌ನ ಸರಾಸರಿ. ಪ್ರತಿ ಹತ್ತು ಅಂಕಕ್ಕೆ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್. ನಮ್ಮ ಗಣಿತದ ಪೇಪರ್‌ನಲ್ಲಿ ಬರುವ ಗಂಟೆಯಾಕಾರದ ನಾರ್ಮಲ್ ಕರ್ವ್ ಇಲ್ಲಿ ಮೈದಾನಕ್ಕಿಳಿದಿದೆ. ಕಾಗದದ ಲೆಕ್ಕದಲ್ಲಿ 60ಕ್ಕಿಂತ ಮೇಲಿರುವವರು ನೂರಕ್ಕೆ ಸುಮಾರು 16 ಮಂದಿ, 70ಕ್ಕಿಂತ ಮೇಲೆ ಇಬ್ಬರು ಚಿಲ್ಲರೆ. 80 ದಾಟುವವರು ಸಾವಿರಕ್ಕೆ ಒಬ್ಬರು. ಬ್ಯಾಟಿಂಗ್, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ – ಹೀಗೆ ಐದು ಗುಣಗಳಿಗೆ ಬೇರೆ ಬೇರೆ ಅಂಕ. ಒಂದೊಂದಕ್ಕೂ ಎರಡು ಸಂಖ್ಯೆ ಬರೆಯುವುದುಂಟು: ಇವತ್ತು ಎಷ್ಟು, ಮುಂದೆ ಎಷ್ಟಾಗಬಹುದು. 40/60 ಎಂದು ಬರೆದರೆ ಇವತ್ತು ಸರಾಸರಿಗಿಂತ ಕೆಳಗೆ, ನಾಳೆ ಮೇಲೆ ಎಂದರ್ಥ. ಆ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ಎಲ್ಲ ಜೂಜೂ ಇರುವುದು.

ಇದರ ಜತೆ ಅಂಕಿಅಂಶ. ಹೊರಗಿನವರಿಗೆ ಮೊದಲು ಕಾಣುವುದು ಬ್ಯಾಟಿಂಗ್ ಸರಾಸರಿ. ಹತ್ತಕ್ಕೆ ಮೂರು ಹಿಟ್, ಅಂದರೆ .300 ಬಂದರೆ ಅಲ್ಲಿ ಬಹಳ ಒಳ್ಳೆಯ ಆಟ. ಆದರೆ ಅನುಭವಿಗಳು ಅದಕ್ಕೂ ಮೊದಲು ಎರಡು ವಿಷಯ ನೋಡುತ್ತಾರೆ. ಒಂದು, ವಯಸ್ಸು. ಡಬಲ್-ಎನಲ್ಲಿ .280 ಹೊಡೆದ 19ರ ಹುಡುಗ, ಅಷ್ಟೇ ಹೊಡೆದ 25ರ ಆಟಗಾರನಿಗಿಂತ ಬಹಳ ಮುಂದಿದ್ದಾನೆ. ಎರಡು, ಕೆಟ್ಟ ಎಸೆತವನ್ನು ಬಿಟ್ಟು ಗಳಿಸುವ 'ವಾಕ್' ಎಷ್ಟು, ಸ್ಟ್ರೈಕ್‌ಔಟ್ ಎಷ್ಟು. ಹಿಟ್‌ನಲ್ಲಿ ಅದೃಷ್ಟದ ಪಾಲಿರುತ್ತದೆ. ಯಾವ ಚೆಂಡಿಗೆ ಬ್ಯಾಟ್ ಬೀಸಬೇಕು ಎಂಬ ವಿವೇಕದಲ್ಲಿ ಆ ಪಾಲು ಕಡಿಮೆ. ಈಗ ಚೆಂಡು ಬ್ಯಾಟ್‌ನಿಂದ ಚಿಮ್ಮುವ ವೇಗವನ್ನೂ ಕ್ಯಾಮೆರಾ, ರೇಡಾರ್‌ಗಳು ಅಳೆಯುತ್ತವೆ.

ಈ ಅಳತೆಯಲ್ಲಿ ನೋಡಿದರೆ ಹಾಲಿಡೇಗೆ ಸಿಕ್ಕ ಸ್ಥಾನ ಸುಮ್ಮನೆ ಬಂದದ್ದಲ್ಲ. 2023ರಲ್ಲಿ, 19ನೇ ವಯಸ್ಸಿನಲ್ಲಿ, ಅವರು ಒಂದೇ ವರ್ಷದಲ್ಲಿ ನಾಲ್ಕು ಮೆಟ್ಟಿಲು ಹತ್ತಿದರು. ಒಟ್ಟು ಸರಾಸರಿ .323, ವಾಕ್‌ಗಳು 101. ಪಟ್ಟಿ ಮಾಡುವವರು ಇದನ್ನು ನೋಡಿಯೂ ಮೊದಲ ಸ್ಥಾನ ಕೊಡದಿದ್ದರೆ ಅದೇ ತಪ್ಪಾಗುತ್ತಿತ್ತು. ಆದರೆ ಟ್ರಿಪಲ್-ಎ ಮತ್ತು ದೊಡ್ಡ ಲೀಗ್ ನಡುವಿನ ಮೆಟ್ಟಿಲು ಎಲ್ಲಕ್ಕಿಂತ ಎತ್ತರ. ಅಲ್ಲಿನ ಪಿಚರ್‌ಗಳು ಹೊಸಬನ ದೌರ್ಬಲ್ಯವನ್ನು ಒಂದೇ ವಾರದಲ್ಲಿ ಪತ್ತೆ ಹಚ್ಚಿ ಅಲ್ಲಿಗೇ ಚೆಂಡೆಸೆಯುತ್ತಾರೆ. ಅದಕ್ಕೆ ಉತ್ತರ ಕಂಡುಕೊಳ್ಳುವ ಶಕ್ತಿ ಎಷ್ಟು ಎಂಬುದಕ್ಕೆ ಕೆಳಗಿನ ಲೀಗ್‌ನಲ್ಲಿ ಪರೀಕ್ಷೆಯೇ ಇಲ್ಲ. ಹಾಲಿಡೇ ಜುಲೈ 31ರಂದು ಮರಳಿ ಬಂದು ಅಂದೇ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದರು. ಆದರೂ ಆ ವರ್ಷ ಅವರ ಸರಾಸರಿ .189. 2025ರಲ್ಲಿ .242 ಮತ್ತು 17 ಹೋಮ್ ರನ್. 21ರ ಆಟಗಾರನಿಗೆ ಇದು ಕೆಟ್ಟದ್ದಲ್ಲ. ಮೊದಲ ಸ್ಥಾನದ ಹೊಳಪೂ ಇನ್ನೂ ಬಂದಿಲ್ಲ.

ಪಟ್ಟಿಗೆ ಕಾಣದ್ದು

ಹಾಲಿಡೇ ಒಬ್ಬರದೇ ಕತೆಯಲ್ಲ. 2020ರಲ್ಲಿ ಎರಡನೇ ಆಯ್ಕೆಯಾದ ಹೆಸ್ಟನ್ ಕರ್ಸ್ಟಾಡ್‌ಗೆ ತಂಡ 52 ಲಕ್ಷ ಡಾಲರ್ ಕೊಟ್ಟಿತು. ಆ ಸ್ಥಾನಕ್ಕೆ ನಿಗದಿಯಾಗಿದ್ದ ಮೊತ್ತ 77 ಲಕ್ಷಕ್ಕೂ ಹೆಚ್ಚು. ಉಳಿದ ಹಣದಲ್ಲಿ ನಾಲ್ಕನೇ ಸುತ್ತಿನಲ್ಲಿ ಕೋಬಿ ಮೇಯೊ ಎಂಬ ಹೈಸ್ಕೂಲ್ ಆಟಗಾರನಿಗೆ ಹೆಚ್ಚು ಕೊಟ್ಟು ಒಪ್ಪಿಸಿತು. ಒಬ್ಬರ ಬೆಲೆಯಲ್ಲಿ ಇಬ್ಬರು, ಲೆಕ್ಕ ಜಾಣತನದ್ದೇ. ಆದರೆ ಕರ್ಸ್ಟಾಡ್‌ಗೆ ಹೃದಯ ಸ್ನಾಯುವಿನ ಉರಿಯೂತ ಕಾಣಿಸಿಕೊಂಡು ಬಹಳ ಕಾಲ ಆಡಲಾಗಲಿಲ್ಲ. ಯಾವ ಸ್ಕೌಟ್‌ನ ನೋಟ್‌ಬುಕ್‌ನಲ್ಲೂ ಅದಕ್ಕೆ ಅಂಕಣವಿಲ್ಲ. ಟ್ರಿಪಲ್-ಎನಲ್ಲಿ ಮಿಂಚಿದ ಮೇಯೊ ಕೂಡ 2024ರಲ್ಲಿ ದೊಡ್ಡ ಲೀಗ್‌ಗೆ ಬಂದಾಗ ಹೊಡೆದದ್ದು .098.

ಇನ್ನೂ ಕುತೂಹಲದ ಪ್ರಸಂಗ 2024ರ ಜುಲೈನದು. ಓರಿಯೋಲ್ಸ್ ತನ್ನ ಇಬ್ಬರು ಹೊಸಬರಾದ ಕೈಲ್ ಸ್ಟವರ್ಸ್ ಮತ್ತು ಕಾನರ್ ನಾರ್ಬಿಯನ್ನು ಮಯಾಮಿಗೆ ಕೊಟ್ಟು ಪಿಚರ್ ಟ್ರೆವರ್ ರಾಜರ್ಸ್ ಅವರನ್ನು ತಂದಿತು. ರಾಜರ್ಸ್ ನಾಲ್ಕು ಪಂದ್ಯ ಆಡಿ, ಚೆನ್ನಾಗಿ ಹೊಡೆಸಿಕೊಂಡು ಕೆಳಗಿನ ಲೀಗ್‌ಗೆ ಹೋದರು. 2025ರಲ್ಲಿ ಸ್ಟವರ್ಸ್ 25 ಹೋಮ್ ರನ್ ಹೊಡೆದು ಆಲ್-ಸ್ಟಾರ್ ಆದಾಗ 'ಓರಿಯೋಲ್ಸ್ ಮೋಸ ಹೋಯಿತು' ಎನ್ನುವುದು ಸುಲಭವಿತ್ತು. ಆದರೆ ಅದೇ ವರ್ಷ ರಾಜರ್ಸ್ 18 ಪಂದ್ಯಗಳಲ್ಲಿ, ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.81 ರನ್ ಮಾತ್ರ ಬಿಟ್ಟುಕೊಟ್ಟರು. ಒಂದೇ ವ್ಯವಹಾರ ಆರು ತಿಂಗಳಿಗೆ ನಷ್ಟ, ಹದಿನೈದು ತಿಂಗಳಿಗೆ ಸಮಬಲ. ತೀರ್ಪು ಯಾವಾಗ ಕೊಡುತ್ತೀರಿ ಎಂಬುದರ ಮೇಲೆ ತೀರ್ಪೇ ಬದಲಾಗುತ್ತದೆ.

ಓರಿಯೋಲ್ಸ್‌ನ ಯೋಜನೆಯಲ್ಲಿ ನಿಜವಾದ ಬಿರುಕು ಇರುವುದು ಬೇರೆಡೆ ಎಂದು ನನ್ನ ಅನಿಸಿಕೆ. 2019ರಿಂದ 2025ರವರೆಗೆ ಅವರು ಮೊದಲ ಸುತ್ತಿನಲ್ಲಿ ಆರಿಸಿದವರೆಲ್ಲ ಬ್ಯಾಟರ್‌ಗಳೇ. ಪಿಚರ್‌ಗಳ ತೋಳು ಬೇಗ ಕೆಡುತ್ತದೆ, ಹೂಡಿಕೆ ಅಪಾಯ ಎಂಬ ತರ್ಕ ಸರಿಯೇ. ಆದರೆ ಬೆಳೆಸದಿದ್ದ ಮೇಲೆ ಕೊಳ್ಳಬೇಕು. 2024ರಲ್ಲಿ ಹೊಸಬರನ್ನು ಕೊಟ್ಟು ತಂದ ಕಾರ್ಬಿನ್ ಬರ್ನ್ಸ್ ಒಂದೇ ವರ್ಷ ಆಡಿ ಅರಿಜೋನಕ್ಕೆ ಹೋದರು. ಗ್ರೇಸನ್ ರೊಡ್ರಿಗಸ್ ಗಾಯದಿಂದ ಇಡೀ 2025 ಕಳೆದುಕೊಂಡರು. ಆ ವರ್ಷ ಮೇ ತಿಂಗಳಲ್ಲೇ ಮ್ಯಾನೇಜರ್ ಬ್ರಾಂಡನ್ ಹೈಡ್ ಕೆಲಸ ಕಳೆದುಕೊಂಡರು. ತಂಡ 87 ಪಂದ್ಯ ಸೋತು ತನ್ನ ವಿಭಾಗದಲ್ಲಿ ಕೊನೆಗೆ ನಿಂತಿತು. ಹೊಸಬರ ಪಟ್ಟಿಯಲ್ಲಿ ವರ್ಷಗಟ್ಟಲೆ ಮೇಲಿದ್ದ ತಂಡದ ಗತಿ ಇದು. ಒಬ್ಬೊಬ್ಬರಿಗೆ ಸರಿಯಾಗಿ ಅಂಕ ಹಾಕಿದರೂ ಒಟ್ಟು ತಂಡದ ಲೆಕ್ಕ ತಪ್ಪಬಹುದು. 2025ರ ಡಿಸೆಂಬರ್‌ನಲ್ಲಿ ಓರಿಯೋಲ್ಸ್ ಪೀಟ್ ಅಲೊನ್ಸೊ ಎಂಬ ಪಳಗಿದ ಬ್ಯಾಟರ್‌ಗೆ ಐದು ವರ್ಷಕ್ಕೆ 15.5 ಕೋಟಿ ಡಾಲರ್ ಕೊಡಲು ಒಪ್ಪಿತು. ಬೆಳೆಸುವುದರಿಂದಲೇ ಎಲ್ಲವೂ ಆಗದು ಎಂದು ಅವರೂ ಒಪ್ಪಿದಂತೆ.

ಒಂದೇ ಬಸ್ಸಿನ ಎರಡು ವರ್ಗ

ಪಟ್ಟಿಯಲ್ಲಿ ಹೆಸರಿಲ್ಲದವರ ಮಾತು ಬಿಟ್ಟರೆ ಈ ವಿಶ್ಲೇಷಣೆ ಅರ್ಧವೇ. ರಚ್‌ಮನ್ ಸಹಿ ಹಾಕಿದಾಗ ಸಿಕ್ಕದ್ದು 81 ಲಕ್ಷ ಡಾಲರ್. ಅದೇ ಕಾಲದಲ್ಲಿ ಕೆಳಗಿನ ಲೀಗ್‌ನ ಸಾಮಾನ್ಯ ಆಟಗಾರನಿಗೆ ಬದುಕು ನಡೆಸುವುದೇ ಕಷ್ಟವಿತ್ತು. 2023ರಲ್ಲಿ ಮೈನರ್ ಲೀಗ್ ಆಟಗಾರರ ಸಂಘ ಮೊದಲ ಬಾರಿ ಒಪ್ಪಂದ ಮಾಡಿಕೊಂಡಾಗ ಟ್ರಿಪಲ್-ಎ ಕನಿಷ್ಠ ವೇತನ ವರ್ಷಕ್ಕೆ 17,500 ಡಾಲರ್‌ನಿಂದ 35,800ಕ್ಕೆ ಏರಿತು. ಒಂದೇ ಮೆಟ್ಟಿಲು ಮೇಲೆ, ದೊಡ್ಡ ಲೀಗ್‌ನ ಕನಿಷ್ಠ ವೇತನ ಆ ವರ್ಷ 7,20,000 ಡಾಲರ್.

ಅಂಕ ಒಳ್ಳೆಯದಿದ್ದರೂ ಮೇಲೆ ಕರೆಯುವ ದಿನ ತಂಡದ ಕೈಯಲ್ಲಿದೆ. 172 ದಿನ ಆಡಿದರೆ ಒಂದು ವರ್ಷದ ಸೇವೆ, ಆರು ವರ್ಷದ ನಂತರ ಆಟಗಾರ ಸ್ವತಂತ್ರ. 2015ರಲ್ಲಿ ಶಿಕಾಗೊ ಕಬ್ಸ್ ತಂಡ ಕ್ರಿಸ್ ಬ್ರಯಂಟ್ ಅವರನ್ನು ಕರೆದ ದಿನ ಹೇಗಿತ್ತೆಂದರೆ, ವರ್ಷದ ಕೊನೆಗೆ ಅವರ ಲೆಕ್ಕ 171 ದಿನಕ್ಕೆ ನಿಂತಿತು. ಒಂದು ದಿನ ಕಡಿಮೆ! ದೂರು ಕೊಟ್ಟರೂ 2020ರಲ್ಲಿ ತೀರ್ಪು ಅವರ ವಿರುದ್ಧ ಬಂತು. 2022ರ ಒಪ್ಪಂದ ಇದನ್ನು ಸ್ವಲ್ಪ ಸರಿಪಡಿಸಿತು. ಹೊಸಬರ ಪ್ರಶಸ್ತಿಯಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ, ತಡವಾಗಿ ಕರೆದಿದ್ದರೂ, ಪೂರ್ತಿ ವರ್ಷ ಸಿಗುತ್ತದೆ. ಮೇ ತಿಂಗಳಲ್ಲಿ ಬಂದ ರಚ್‌ಮನ್ ಎರಡನೇ ಸ್ಥಾನ ಪಡೆದು ಇದರ ಲಾಭ ಪಡೆದರು.

ಮುಂದೆ ಯಾರು?

ಸದ್ಯ ಓರಿಯೋಲ್ಸ್ ಕಣ್ಣಿಟ್ಟಿರುವುದು ಸ್ಯಾಮುಯೆಲ್ ಬಸಾಯೊ ಮೇಲೆ. ಡೊಮಿನಿಕನ್ ರಿಪಬ್ಲಿಕ್‌ನ ಈ ಕ್ಯಾಚರ್ 2021ರಲ್ಲಿ, 16ನೇ ವಯಸ್ಸಿನಲ್ಲಿ, ತಂಡ ಸೇರಿದರು. 2025ರಲ್ಲಿ ಟ್ರಿಪಲ್-ಎನ 76 ಪಂದ್ಯಗಳಲ್ಲಿ 23 ಹೋಮ್ ರನ್. ಆಗಸ್ಟ್‌ನಲ್ಲಿ ಮೇಲೆ ಬಂದ ಒಂದೇ ವಾರದಲ್ಲಿ ತಂಡ ಅವರಿಗೆ ಎಂಟು ವರ್ಷಕ್ಕೆ 6.7 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಹಾಲಿಡೇಯ ಮೊದಲ ಹತ್ತು ಪಂದ್ಯ ಕಂಡವರೇ ಹೀಗೆ ಮಾಡಿದರು ಎಂಬುದು ಗಮನಿಸಬೇಕಾದದ್ದು. ಆರಂಭದ ಏಳುಬೀಳು ನೋಡಿ ನಿರ್ಧರಿಸುವುದಿಲ್ಲ ಎಂದು ಅವರು ಹಣದ ಮೂಲಕವೇ ಹೇಳಿದ್ದಾರೆ. ನನ್ನ ಲೆಕ್ಕದಲ್ಲಿ ಬಸಾಯೊ ಬ್ಯಾಟಿಂಗ್ ಭರವಸೆ ಗಟ್ಟಿ. ಕ್ಯಾಚರ್ ಆಗಿಯೇ ಉಳಿಯುತ್ತಾರೆಯೇ ಎಂಬುದೇ ಪ್ರಶ್ನೆ. ರಚ್‌ಮನ್ ಇರುವ ತಂಡದಲ್ಲಿ ಅದು ಇನ್ನೂ ಕಠಿಣ.

ಭಾರತೀಯ ಮೂಲದ ಹೆಸರುಗಳೂ ಈ ಪಟ್ಟಿಗಳಿಗೆ ಬಂದಿವೆ. 2023ರಲ್ಲಿ ಟೊರಾಂಟೊ ಮೊದಲ ಸುತ್ತಿನಲ್ಲಿ ಆರಿಸಿದ ಅರ್ಜುನ್ ನಿಮ್ಮಲ ಅವರಲ್ಲೊಬ್ಬರು. ಆಸಕ್ತಿಯಿದ್ದವರು ಅವರ ಅಂಕಿಅಂಶ ಹಿಂಬಾಲಿಸಬಹುದು. ವಯಸ್ಸು, ಲೀಗ್‌ನ ಮಟ್ಟ, ವಾಕ್ ಮತ್ತು ಸ್ಟ್ರೈಕ್‌ಔಟ್ – ಈ ನಾಲ್ಕನ್ನು ಒಟ್ಟಿಗೆ ನೋಡಿದರೆ ಬರೀ ಸರಾಸರಿ ನೋಡುವುದಕ್ಕಿಂತ ಹೆಚ್ಚು ತಿಳಿಯುತ್ತದೆ.

1988ರ ಡ್ರಾಫ್ಟ್‌ನ 62ನೇ ಸುತ್ತಿನಲ್ಲಿ, 1,390ನೆಯವರಾಗಿ ಆಯ್ಕೆಯಾದ ಮೈಕ್ ಪಿಯಾಜಾ ಇಂದು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. 2013ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಮಾರ್ಕ್ ಅಪೆಲ್ ದೊಡ್ಡ ಲೀಗ್ ಮೆಟ್ಟಿಲು ಹತ್ತಿದ್ದು 2022ರಲ್ಲಿ, ನಡುವೆ ಆಟವನ್ನೇ ಬಿಟ್ಟು ಮರಳಿದ ಮೇಲೆ. ಹಾಗೆಂದು ಪಟ್ಟಿಗಳು ಸುಳ್ಳಲ್ಲ. ಒಟ್ಟಾರೆ ನೋಡಿದರೆ ಮೇಲಿನವರೇ ಹೆಚ್ಚು ಗೆಲ್ಲುತ್ತಾರೆ. ರಚ್‌ಮನ್, ಹೆಂಡರ್ಸನ್ ಅದಕ್ಕೆ ಸಾಕ್ಷಿ. ರ‍್ಯಾಂಕ್ ಎನ್ನುವುದು ಸಂಭವನೀಯತೆ. ಗುಂಪಿನ ಬಗ್ಗೆ ಅದು ಬಹಳಷ್ಟು ಹೇಳುತ್ತದೆ, ಒಬ್ಬನ ಬಗ್ಗೆ ಸ್ವಲ್ಪವೇ. ಸಿಜಿಪಿಎ ಕಟ್‌ಆಫ್ ಹಾಕುವ ಕಂಪನಿಗೆ ಬೇಕಿರುವುದು ಗುಂಪಿನ ಲೆಕ್ಕ, ಆದ್ದರಿಂದ ಅದು ಕಟ್‌ಆಫ್ ಹಾಕುತ್ತದೆ. ಕಟ್‌ಆಫ್‌ನ ಆಚೆಗೋ ಈಚೆಗೋ ಇರುವ ನಾವು ಆ ಅಂಕವನ್ನು ನಮ್ಮ ಮುಂದಿನ ಹತ್ತು ವರ್ಷದ ತೀರ್ಪು ಎಂದು ಓದಬೇಕಿಲ್ಲ. ಓರಿಯೋಲ್ಸ್ ಹಾಲಿಡೇಯನ್ನು ಕೆಳಗೆ ಕಳಿಸಿತು, ಆದರೆ ಬಿಟ್ಟುಕೊಡಲಿಲ್ಲ. ಮೂರು ತಿಂಗಳ ನಂತರ ಮತ್ತೆ ಕರೆಯಿತು.