ಫೋಟೋದಿಂದ ಸ್ವಲ್ಪ ಸರಿದು ನಿಲ್ಲಿ

ಮೊದಲ ಸಲ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಶಿಕಾಗೊದಲ್ಲಿ ತೆಗೆಸಿಕೊಂಡ ಫೋಟೋಗಳನ್ನು ಈಚೆಗೆ ನೋಡುತ್ತಿದ್ದೆ. ಎಲ್ಲದರಲ್ಲೂ ನಾನಿದ್ದೇನೆ, ಅಳಿಯ ಕೊಡಿಸಿದ ನೀಲಿ ಜಾಕೆಟ್ ಇದೆ. ಒಂದರಲ್ಲಿ ಮಾತ್ರ ನನ್ನ ಭುಜದ ಹಿಂದೆ ಕಂದು ಗೋಡೆಯ ತುಣುಕು ಕಾಣುತ್ತದೆ. ಅದು ಮೊನಾಡ್‌ನಾಕ್ ಕಟ್ಟಡ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಇಟ್ಟಿಗೆ, ಗಾರೆ, ಎಸ್ಟಿಮೇಟು ಅಂತಲೇ ಸವೆಸಿದವನು ನಾನು. ಅಂಥವನು ಅಲ್ಲಿಯವರೆಗೆ ಹೋಗಿ ಜಾಕೆಟ್ಟಿನ ಫೋಟೋ ಹಿಡಿದುಕೊಂಡು ಬಂದಿದ್ದೆ!

ಎರಡನೇ ಸಲ ಹೋದಾಗ ನೇಪರ್‌ವಿಲ್‌ನಲ್ಲಿ ಒಬ್ಬನೇ ರೈಲು ಹತ್ತಿದೆ. "ಅಪ್ಪಾ, ಬೀನ್ ಹತ್ರ ಹೋಗಿ, ಫೋಟೋ ಚೆನ್ನಾಗಿ ಬರುತ್ತೆ" ಎಂದಿದ್ದಳು ಮಗಳು. ಮಿಲೆನಿಯಂ ಪಾರ್ಕಿನಲ್ಲಿ ಅನೀಶ್ ಕಪೂರ್ ಮಾಡಿರುವ, ದೈತ್ಯ ಅವರೆಕಾಳಿನಂಥ ಉಕ್ಕಿನ ಶಿಲ್ಪ ಅದು. ಕನ್ನಡಿಯ ಹಾಗೆ ಹೊಳೆಯುತ್ತದೆ, ಎದುರು ನಿಂತವರಿಗೆ ಅವರ ಮುಖವನ್ನೇ ತೋರಿಸುತ್ತದೆ. ಜನ ಮುಗಿಬೀಳಲು ಇನ್ನೇನು ಬೇಕು? ನಾನು ಆ ಕಡೆ ತಿರುಗದೆ ಡಿಯರ್‌ಬಾರ್ನ್ ಬೀದಿ ಹಿಡಿದೆ.

ಮೊನಾಡ್‌ನಾಕ್‌ನ ಉತ್ತರ ಭಾಗ 1891ರದ್ದು. 16 ಅಂತಸ್ತು. ಅದರ ಹೊರಗೋಡೆಗೆ ಉಕ್ಕಿನ ಚೌಕಟ್ಟಿನ ಆಸರೆಯಿಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆ, ಅಷ್ಟೆ. ಅಷ್ಟೆತ್ತರದ ಭಾರ ಹೊರಬೇಕಲ್ಲ, ಅದಕ್ಕೆ ಬುಡದಲ್ಲಿ ಗೋಡೆ 6 ಅಡಿ ದಪ್ಪ. ಬಾಗಿಲ ಪಕ್ಕ ನಿಂತು ಗೇಣು ಹಾಕಿದೆ. ಆರು ಗೇಣಾದರೂ ಗೋಡೆ ಮುಗಿಯಲಿಲ್ಲ. ಕಾಫಿ ಲೋಟ ಹಿಡಿದು ಹೊರಬಂದ ಹುಡುಗಿಯೊಬ್ಬಳು ನನ್ನನ್ನು ನೋಡಿ ದಾರಿ ಬಿಟ್ಟು ಹೋದಳು. ದಕ್ಷಿಣ ಭಾಗ 1893ರಲ್ಲಿ ಸೇರಿದ್ದು, ಬೇರೆ ವಾಸ್ತುಶಿಲ್ಪಿಗಳು ಕಟ್ಟಿದ್ದು. ಅಲ್ಲಿ ಒಳಗೆ ಉಕ್ಕಿನ ಚೌಕಟ್ಟು, ಗೋಡೆ ತೆಳು, ಕಿಟಕಿ ಅಗಲ. ಎರಡೇ ವರ್ಷದಲ್ಲಿ ಕಟ್ಟುವ ವಿದ್ಯೆಯೇ ಬದಲಾಗಿತ್ತು. ಹಳತು ಹೊಸತು ಎರಡೂ ಅಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ.

ಶಿಕಾಗೊದ ನೆಲ ಮೆತ್ತನೆಯ ಜೇಡಿಮಣ್ಣು. ಕಟ್ಟಡ 8 ಇಂಚು ಕೂರುತ್ತದೆಂದು ಲೆಕ್ಕ ಹಾಕಿದ್ದರು. ವರ್ಷಗಳು ಕಳೆದಂತೆ ಅದು 20 ಇಂಚು ಕೂತಿತು. ಹೀಗಾಗಿ ಬೀದಿಯಿಂದ ಒಳಗೆ ಹೋಗುವವರು ಒಂದು ಮೆಟ್ಟಿಲು ಇಳಿಯಬೇಕು. ಲೆಕ್ಕ ತಪ್ಪಿದ ಎಂಜಿನಿಯರನ ಸಂಕಟ ಇನ್ನೊಬ್ಬ ಎಂಜಿನಿಯರನಿಗೇ ಗೊತ್ತು. ಆ ಮೆಟ್ಟಿಲಿನ ಫೋಟೋ ನಾಲ್ಕು ತೆಗೆದೆ.

"ಎಲ್ಲ ಇಂಟರ್‌ನೆಟ್‌ನಲ್ಲಿ ಇದೆಯಲ್ಲ, ನೀವೇನು ಹೊಸದಾಗಿ ತೆಗೆಯೋದು?" ಎಂದ ಅಳಿಯ. ಇದೆ, ಆದರೆ ಹೆಚ್ಚಿನವು ಎದುರು ಮೂಲೆಯಿಂದ ತೆಗೆದ ಅದದೇ ನೋಟ. ಒಳಗಿನ ನೋಟವೂ ಇರಲೆಂದು ಹೋದ ಇನ್ನೊಂದು ಕಟ್ಟಡದ ಲಾಬಿಯಲ್ಲಿ ಕಾವಲಿನವನು ಟ್ರೈಪಾಡ್ ಮಡಚಿಸಿ ಹೊರಗೆ ಕಳಿಸಿದ. ಕೋಪ ಬಂತು. ಆಮೇಲೆ ತಿಳಿಯಿತು: ಬೀದಿಯಲ್ಲಿ ನಿಂತು ಕಟ್ಟಡದ ಫೋಟೋ ತೆಗೆಯಲು ಅಲ್ಲಿನ ಕಾನೂನು ಅಡ್ಡಿ ಮಾಡುವುದಿಲ್ಲ, ಹೊಸ್ತಿಲು ದಾಟಿದ ಮೇಲೆ ಮಾಲೀಕನ ಮಾತೇ ಕಾನೂನು.

ಈ ಊರಿನಲ್ಲೇ ರಿಚರ್ಡ್ ನಿಕಲ್ ಎಂಬ ಛಾಯಾಗ್ರಾಹಕನಿದ್ದ. ವಾಸ್ತುಶಿಲ್ಪಿ ಲೂಯಿ ಸಲಿವನ್ ಕಟ್ಟಿದ ಕಟ್ಟಡಗಳನ್ನು ಒಂದೊಂದಾಗಿ ಹುಡುಕಿ ಫೋಟೋ ತೆಗೆದ. ತೆಗೆದಂತೆಲ್ಲ ಅವನ್ನು ಕೆಡವುತ್ತಿದ್ದರು. ಗ್ಯಾರಿಕ್ ಥಿಯೇಟರ್ ಉಳಿಸಿ ಎಂದು ಬೀದಿಗಿಳಿದು ಪ್ರತಿಭಟಿಸಿದ. 1961ರಲ್ಲಿ ಅದನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸಿದರು. ಆಮೇಲೆ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡದ ಸರದಿ. ಒಡೆಯುತ್ತಿದ್ದ ಆ ಕಟ್ಟಡದೊಳಗೆ ಕೆತ್ತನೆಯ ತುಣುಕುಗಳನ್ನು ಉಳಿಸಲು ಹೋದ ನಿಕಲ್, 1972ರ ಏಪ್ರಿಲ್‌ನಲ್ಲಿ ಅಲ್ಲೇ ಕುಸಿತಕ್ಕೆ ಸಿಕ್ಕಿ ಸತ್ತ. ದೇಹ ಸಿಕ್ಕಿದ್ದು ಮೇ ತಿಂಗಳಲ್ಲಿ. ಅವನೂ ಗೆಳೆಯರೂ ಬಿಚ್ಚಿ ತಂದಿದ್ದ ತುಣುಕುಗಳನ್ನು ಬಳಸಿ ಆ ಕಟ್ಟಡದ ವಹಿವಾಟು ಕೋಣೆಯನ್ನು ಆರ್ಟ್ ಇನ್‌ಸ್ಟಿಟ್ಯೂಟ್ ಒಳಗೆ ಮತ್ತೆ ಕಟ್ಟಿದ್ದಾರೆ. ಪ್ರವೇಶದ ಕಮಾನು ಹೊರಗೆ, ಬಯಲಿನಲ್ಲಿದೆ. ಒಳಗೆ ಹೋಗಲು ಹಿಂದೆ ಕಟ್ಟಡವಿಲ್ಲ. ನಾನು ಅದರಡಿ ದಾಟಿದೆ. ಆ ಕಡೆಗೂ ಹುಲ್ಲೇ.

(1893ರಲ್ಲಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಇದೇ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ. ನಮ್ಮವರು ಅಲ್ಲಿಗೆ ಹೋಗುತ್ತಾರೆ. ಕಮಾನಿನವರೆಗೆ ಬರುವವರು ಕಡಿಮೆ.)

ಅಂದು ರೈಲಿನಲ್ಲಿ ಮರಳುವಾಗ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪಾಯಿತು. ಎಂಜಿನಿಯರಿಂಗ್ ಓದುವಾಗ ಹಳೇ ಪುಸ್ತಕ ಕೊಂಡದ್ದೆಲ್ಲ ಅಲ್ಲೇ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಲ್ಲಿನ ಅಂಗಡಿಗಳು ಹೇಗಿದ್ದವೆಂದು ಮಗಳಿಗೆ ತೋರಿಸಲು ಮನೆಯ ಆಲ್ಬಮ್ಮೆಲ್ಲ ಹುಡುಕಿದೆ. ಸಿಕ್ಕಿದ್ದು ಒಂದೇ ಫೋಟೋ: ನಾವು ನಾಲ್ವರು ಗೆಳೆಯರು, ಬೆಲ್‌ಬಾಟಮ್ ಪ್ಯಾಂಟು, ಹಿಂದೆ ಅರ್ಧ ಕಂಬ.

ಈ ಬೇಸಿಗೆಗೆ ಮಕ್ಕಳ ಮನೆಗೆ ಹೊರಟಿರುವ ನನ್ನ ವಯಸ್ಸಿನವರೇ, ನಿಮ್ಮ ಫೋಟೋ ಒಂದಿರಲಿ, ಬೇಡವೆನ್ನುವುದಿಲ್ಲ. ಆಮೇಲೆ ಸರಿದು ನಿಂತು ಬಾಗಿಲ ಹಿಡಿ, ಸವೆದ ಮೆಟ್ಟಿಲು, ಇಟ್ಟಿಗೆ ಸಂದು, ಇವುಗಳ ಫೋಟೋ ತೆಗೆಯಿರಿ. ವಿಮಾನ ಹತ್ತುವ ಮೊದಲು ನಿಮ್ಮೂರಿನ ಪೇಟೆಬೀದಿಯಲ್ಲೂ ಹೀಗೇ ಒಂದು ಸುತ್ತು ಹಾಕಿ ಬನ್ನಿ.