ಅಕಾಲಮರಣ ಮತ್ತು ಆಯುಷ್ಯಕರ್ಮದ ನೆಪ

ಹೆರಿಗೆಯಲ್ಲಿ ಹೆಣ್ಣುಮಗಳೊಬ್ಬಳು ಸತ್ತರೆ ‘ಆಕೆಯ ಆಯುಷ್ಯವೇ ಅಷ್ಟಿತ್ತು’ ಎಂದು ಕೈತೊಳೆದುಕೊಳ್ಳುವ ವಾಡಿಕೆ ಜೈನ ಸಮಾಜದಲ್ಲಿಯೂ ಇದೆ. ಈ ಮಾತಿಗೆ ಕರ್ಮಸಿದ್ಧಾಂತದ ಮುದ್ರೆಯನ್ನೂ ಒತ್ತಲಾಗುತ್ತದೆ. ಆದರೆ ಇದು ಆಗಮಸಮ್ಮತವಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕಡೆಯ ಸೂತ್ರವು ಯಾರ ಆಯುಷ್ಯ ನಡುವೆ ಕಡಿಯಲಾರದೆಂಬುದನ್ನು ಎಣಿಸಿ ಹೇಳಿದೆ: ದೇವ-ನಾರಕಿಗಳು, ಚರಮೋತ್ತಮ ದೇಹಿಗಳು, ಅಸಂಖ್ಯಾತ ವರ್ಷ ಬಾಳುವ ಭೋಗಭೂಮಿಯವರು. ಆಳಂದದ ಕೂಲಿ ಹೆಣ್ಣುಮಗಳು ಈ ಪಟ್ಟಿಯಲ್ಲಿಲ್ಲ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರ ಕರ್ಮಕಾಂಡವಂತೂ ಆಯುಷ್ಯವನ್ನು ತುಂಡರಿಸುವ ನಿಮಿತ್ತಗಳಲ್ಲಿ ರಕ್ತಕ್ಷಯವನ್ನೂ ಆಹಾರನಿರೋಧವನ್ನೂ ಹೆಸರಿಸಿಯೇ ಹೇಳುತ್ತದೆ. ಬಾಣಂತಿಯರನ್ನು ಕೊಲ್ಲುವವು ಮುಖ್ಯವಾಗಿ ಇವೇ ಅಲ್ಲವೆ? ಅಕಾಲಮೃತ್ಯುವನ್ನು ತಡೆಯಬಹುದೆಂಬುದಕ್ಕೆ ಅಕಲಂಕದೇವರು ರಾಜವಾರ್ತಿಕದಲ್ಲಿ ಆಯುರ್ವೇದವನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದಾರೆ. ಕಥಾಪರಂಪರೆಯು ಅವರನ್ನು ಮಾನ್ಯಖೇಟದವರೆನ್ನುತ್ತದೆ. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಶ್ರಾವಕರು ಅವರ ಮಾತನ್ನು ಮರೆತಿರುವುದು ವಿಷಾದನೀಯ.

ಸರ್ಕಾರದ ಯೋಜನೆಗಳಿಗೆ ಕೊರತೆಯಿಲ್ಲ. 1992ರಲ್ಲಿ ಶಿಶುರಕ್ಷೆ ಮತ್ತು ಸುರಕ್ಷಿತ ತಾಯ್ತನ ಕಾರ್ಯಕ್ರಮ ಬಂತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವೂ ಜನನಿ ಸುರಕ್ಷಾ ಯೋಜನೆಯೂ ಬಂದವು. ಇವು ನಿಷ್ಫಲವೆಂದರೆ ಅಸತ್ಯದ ದೋಷ ಬಂದೀತು. ಕರ್ನಾಟಕದಲ್ಲಿ ಲಕ್ಷ ಸಜೀವ ಜನನಗಳಿಗೆ 2001-03ರಲ್ಲಿ 228ರಷ್ಟಿದ್ದ ತಾಯಂದಿರ ಮರಣ 2019-21ರಲ್ಲಿ 63ಕ್ಕೆ ಇಳಿದಿದೆ. ಆದರೆ ಇದು ಇಡೀ ರಾಜ್ಯದ ಸರಾಸರಿ. ಈ ಅಂಕಿ ಕೊಡುವ ಮಾದರಿ ನೋಂದಣಿ ಪದ್ಧತಿಯು ತಾಲೂಕುವಾರು ಲೆಕ್ಕ ಹೇಳುವುದಿಲ್ಲ. ಹತ್ತು ಅಂಗಡಿಗಳ ಲಾಭವನ್ನು ಕೂಡಿಸಿ ಭಾಗಿಸುವ ವ್ಯಾಪಾರಿಗೆ ಮುಳುಗುತ್ತಿರುವ ಅಂಗಡಿ ಕಾಣುವುದೆಂತು? 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿಯು ಈ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿಟ್ಟಿತ್ತು.

ಹೆರಿಗೆಯ ನಂತರದ ಅತಿ ರಕ್ತಸ್ರಾವವು ಎರಡೇ ಗಂಟೆಯಲ್ಲಿ ಪ್ರಾಣ ತೆಗೆಯಬಲ್ಲದು. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿಗೆ ಸುಮಾರು 40 ಕಿ.ಮೀ.; ಅಫಜಲಪುರ ಇನ್ನೂ ದೂರ. ಹಳ್ಳಿಯಿಂದ ತಾಲೂಕು ಕೇಂದ್ರಕ್ಕೆ ತಲಪುವ ಹೊತ್ತು ಬೇರೆ. 2020ರ ಅಕ್ಟೋಬರಿನಂತೆ ಭೀಮೆ ಉಕ್ಕಿದಾಗ ಆ ದಾರಿಯೂ ಇಲ್ಲ. ಮೊದಲೇ ರಕ್ತಹೀನಳಾದವಳು, ಬೇರೊಬ್ಬಳು ತಾಳಿಕೊಳ್ಳುವಷ್ಟು ರಕ್ತ ಹೋದರೂ ಉಳಿಯಲಾರಳು. ಅವಳ ಕೂಸು ಕಡಿಮೆ ತೂಕದ್ದಾಗಿ ಹುಟ್ಟಿ ಮೊದಲ ವಾರವನ್ನೇ ದಾಟದಿರಬಹುದು. ಈ ರಕ್ತಹೀನತೆ ಹೆರಿಗೆಯ ದಿನ ಬಂದದ್ದಲ್ಲ. ತೊಗರಿಯ ರಾಶಿಯ ಕಾಲದಲ್ಲಿ ದಿನ ತುಂಬಿದ ಬಸುರಿಯೂ ಹೊಲದಲ್ಲಿರುತ್ತಾಳೆ. ಸುಗ್ಗಿ ಮುಗಿದು ಮುಂಬಯಿ, ಪುಣೆಗಳ ಕಡೆ ದುಡಿಯಹೋದಳೆಂದರೆ ಆಶಾ ಕಾರ್ಯಕರ್ತೆಯ ಪಟ್ಟಿಯಿಂದಲೂ ಕಬ್ಬಿಣಾಂಶದ ಮಾತ್ರೆಯಿಂದಲೂ ತಪ್ಪಿಹೋಗುತ್ತಾಳೆ. ಆ ತೊಗರಿಯನ್ನು ಕೊಂಡು ಬೇಳೆ ಮಾಡಿ ಮಾರುವವರಲ್ಲಿ ಶ್ರಾವಕರೂ ಇದ್ದಾರೆ.

‘ಅದು ಸರ್ಕಾರದ ಕೆಲಸ’ ಎಂಬುದು ಟ್ರಸ್ಟುಗಳ ಸಿದ್ಧ ಉತ್ತರ. ಪಂಚಕಲ್ಯಾಣದಲ್ಲಿ ಜಿನಮಾತೆಯ ಗರ್ಭಕಲ್ಯಾಣ, ಜನ್ಮಕಲ್ಯಾಣಗಳನ್ನು ಸಂಭ್ರಮದಿಂದ ಆಚರಿಸಿ, ಇಂದ್ರ-ಇಂದ್ರಾಣಿಯರ ಸ್ಥಾನಕ್ಕೂ ಕಲಶಕ್ಕೂ ಸವಾಲು ಕೂಗಿ ಲಕ್ಷಗಟ್ಟಲೆ ಕೂಡಿಸುವವರಿಗೆ ಬಸದಿಯ ಹೊರಗಿನ ಗರ್ಭಿಣಿಯ ಮಾತು ಬಂದೊಡನೆ ಸರ್ಕಾರ ನೆನಪಾಗುವುದು ಸೋಜಿಗವೇ ಸರಿ! ಔಷಧದಾನವೆಂದರೆ ವರ್ಷಕ್ಕೊಮ್ಮೆ ಬ್ಯಾನರು ಕಟ್ಟಿದ ಶಿಬಿರವೆಂದಾಗಿದೆ. ಮಹಾವೀರ ಜಯಂತಿಯಂದು ಯುವಕರು ಸಾಲಾಗಿ ನಿಂತು ರಕ್ತ ಕೊಡುವುದು ಶ್ಲಾಘ್ಯವೇ. ಆದರೆ ಸಂಗ್ರಹಿಸಿದ ರಕ್ತ 35 ದಿನಗಳಾಚೆ ಕೆಲಸಕ್ಕೆ ಬಾರದು. ಕೆಡುವ ಸರಕನ್ನು ವರ್ಷದ ದಾಸ್ತಾನೆಂದು ಒಂದೇ ದಿನ ತುಂಬಿಸುವ ವರ್ತಕನಿಲ್ಲ. ಅದೇ ಯುವಕರ ಹೆಸರು, ರಕ್ತದ ಗುಂಪುಗಳನ್ನು ಬರೆದಿಟ್ಟು, ತಿಂಗಳಿಗೆ ಇಷ್ಟು ಮಂದಿಯಂತೆ ಸರದಿ ಹಾಕಿ, ಪಟ್ಟಿಯನ್ನು ರಕ್ತನಿಧಿಗೆ ಒಪ್ಪಿಸಲು ಟ್ರಸ್ಟಿಗೆ ತಗಲುವ ಖರ್ಚು ಒಂದು ವಹಿಯಷ್ಟೇ.

ಇನ್ನು ಕಲಬುರಗಿಯಲ್ಲಿ ಧರ್ಮಶಾಲೆ ಉಳ್ಳವರು ಎರಡು ಕೊಠಡಿಗಳನ್ನು ದೂರದ ಹಳ್ಳಿಗಳ ಅಪಾಯದ ಗರ್ಭಿಣಿಯರಿಗಾಗಿ ಮೀಸಲಿಡಲಿ. ದಿನ ತುಂಬುವ ವಾರ ಮೊದಲೇ ಬಂದಿದ್ದರೆ ನಡುರಾತ್ರಿಯ ಆ 40 ಕಿ.ಮೀ. ಇಲ್ಲವಾಗುತ್ತದೆ. ಜೊತೆಗೆ ಬಂದವರಿಗೆ ಭೋಜನಶಾಲೆಯ ಊಟ ಸಿಗಲಿ, ಜಾತಿ ಕೇಳದೆ. ಸೂತಕದ ಪ್ರಶ್ನೆ ಎತ್ತುವ ಹಿರಿಯರೂ ಇದ್ದಾರು. ಹೆರಿಗೆಯಾಗುವುದು ಆಸ್ಪತ್ರೆಯಲ್ಲಿ, ಧರ್ಮಶಾಲೆಯಲ್ಲಲ್ಲ.