‘ವಿದರ್’ ಎಂದರೆ ಎತ್ತ?

ಮೊನ್ನೆ ಪದವಿ ತರಗತಿಯಲ್ಲಿ ಭಾಷಾಂತರದ ಪಾಠ ನಡೆದಿತ್ತು. ಜವಾಹರಲಾಲ್ ನೆಹರೂ ಅವರು 1933ರಲ್ಲಿ ಬರೆದ ‘ವಿದರ್ ಇಂಡಿಯಾ?’ ಎಂಬ ಲೇಖನಮಾಲೆಯ ಶಿರೋನಾಮೆಯನ್ನು ಹಲಗೆಯ ಮೇಲೆ ಬರೆದು, ಕನ್ನಡದಲ್ಲಿ ಹೇಳಿರೆಂದೆ. ‘ಭಾರತ ಎಲ್ಲಿ?’ ಎಂದನೊಬ್ಬ. ಭೂಪಟದಲ್ಲಿ ಹುಡುಕಿಕೋ ಎಂದು ಪಕ್ಕದವನು ನಕ್ಕ. ‘ಭಾರತ ಎಲ್ಲಿಗೆ ಹೋಗುತ್ತಿದೆ?’ ಎಂದನಿನ್ನೊಬ್ಬ. ಅರ್ಥವೇನೋ ಬಂದಿತು, ಮೂಲದ ಬಿಗಿ ಸಡಿಲಿತು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “‘ಭಾರತ ಎತ್ತ?’ ಎನ್ನಬಹುದೆ ಸಾರ್? ಅದು ಹಳ್ಳಿಯ ಮಾತಾಯಿತೇನೋ” ಎಂದು ತಲೆ ತಗ್ಗಿಸಿದಳು.

ಆಕೆಯ ಉತ್ತರ ನನ್ನನ್ನು ಸಂತೋಷಗೊಳಿಸಿತು. ಆಕೆಯ ಸಂಕೋಚ ನೋಯಿಸಿತು.

ಇಂಗ್ಲಿಷಿನ ಅವ್ಯಯಗಳಲ್ಲಿ ಹಿಂದೆ ಒಂದು ಅಚ್ಚುಕಟ್ಟಿತ್ತು. ಇರುವ ಎಡೆಯನ್ನು ಕೇಳಲು ‘ವೇರ್’, ಹೋಗುವ ದಿಕ್ಕನ್ನು ಕೇಳಲು ‘ವಿದರ್’, ಬಂದ ಕಡೆಯನ್ನು ಕೇಳಲು ‘ವೆನ್ಸ್’. ಹಾಗೆಯೇ ಈ ಕಡೆಗೆ ಎನ್ನಲು ‘ಹಿದರ್’, ಆ ಕಡೆಗೆ ಎನ್ನಲು ‘ದಿದರ್’. ಷೇಕ್ಸ್‌ಪಿಯರನ ನಾಟಕಗಳಲ್ಲಿಯೂ 1611ರ ಬೈಬಲ್ ಭಾಷಾಂತರದಲ್ಲಿಯೂ ಇವು ಹೇರಳವಾಗಿ ಕಾಣಸಿಗುತ್ತವೆ. ಕಾಲಕ್ರಮದಲ್ಲಿ ‘ವೇರ್’ ಎಂಬುದೇ ಎರಡು ಹೊರೆಯನ್ನು ಹೊತ್ತಿತು: ‘ಎಲ್ಲಿರುವೆ’ ಎನ್ನಲೂ ಅದೇ, ‘ಎಲ್ಲಿಗೆ ಹೋಗುವೆ’ ಎನ್ನಲೂ ಅದೇ. ಜರ್ಮನ್ ಭಾಷೆ ‘ವೋ, ವೋಹಿನ್, ವೋಹೇರ್’ ಎಂದು ಮೂರನ್ನೂ ಉಳಿಸಿಕೊಂಡಿದೆ. ಇಂಗ್ಲಿಷ್ ನಿಘಂಟುಗಳು ‘ವಿದರ್’ ಪದವನ್ನು ಹಳೆಯ ಪ್ರಯೋಗವೆಂದು ಗುರುತಿಸುತ್ತವೆ.

ಆದರೂ ಅದು ಸತ್ತಿಲ್ಲ. ಒಂದು ದೇಶದ ಅಥವಾ ಸಾಹಿತ್ಯದ ಗತಿಯನ್ನು ಕುರಿತು ಚಿಂತಿಸುವಾಗ ಇಂಗ್ಲಿಷ್ ಲೇಖಕ ಅದನ್ನು ಅಟ್ಟದಿಂದ ಇಳಿಸಿಕೊಳ್ಳುತ್ತಾನೆ. ‘ವಿದರ್’ ಊರಿನ ಹೆಸರನ್ನು ಬೇಡುವುದಿಲ್ಲ. ಮುಖ ಯಾವ ಕಡೆಗಿದೆ ಎಂದಷ್ಟೇ ಕೇಳುತ್ತದೆ. ಗುರಿ ಇನ್ನೂ ಗೊತ್ತಾಗದವನನ್ನೂ ಅದು ಪ್ರಶ್ನಿಸಬಲ್ಲುದು.

ನಮ್ಮ ‘ಎತ್ತ’ ಮಾಡುವುದೂ ಇದನ್ನೇ. ‘ಎಲ್ಲಿಗೆ’ ಎಂಬುದು ತಲಪುವ ತಾಣವನ್ನು ಕೇಳುತ್ತದೆ. ‘ಎತ್ತ’ ಎಂಬುದು ಹಿಡಿದ ದಾರಿಯನ್ನು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳುವುದು ಅಪಶಕುನವೆಂದು ಬಗೆದು, ‘ದೂರ ಹೊರಟಿರೋ?’ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ‘ಎತ್ತ ಕಡೆ ಪಯಣ?’ ಎಂಬ ಮಾತಿನಲ್ಲಿಯೂ ಅಂಥ ನಯವುಂಟು. ಇದೇ ಕುಟುಂಬದ ‘ಎತ್ತಣ’ ಅಲ್ಲಮಪ್ರಭುವಿನ ವಚನದಲ್ಲಿದೆ. ‘ಎತ್ಲಾಗೆ’ ಸಂತೆಯ ಬೀದಿಯಲ್ಲಿದೆ. ಇಂಗ್ಲಿಷಿನಲ್ಲಿ ‘ಹಿದರ್ ಆಂಡ್ ದಿದರ್’ ಈಗ ಪುಸ್ತಕದ ನುಡಿಗಟ್ಟು. ನಮ್ಮ ‘ಅತ್ತಿತ್ತ’ ಮಕ್ಕಳ ಬಾಯಲ್ಲಿಯೂ ಆಡುತ್ತಿದೆ.

ಪದಗಳು ಸವೆಯುವುದು ಸಹಜ. ಹಳಗನ್ನಡದಲ್ಲಿ ‘ಅವನ್’, ‘ಇವನ್’ ಎಂಬವುಗಳ ಜೊತೆಗೆ, ತೀರ ದೂರದವನೂ ಹತ್ತಿರದವನೂ ಅಲ್ಲದ ನಡುವಿನವನಿಗೆ ‘ಉವನ್’ ಎಂಬ ಮಾತಿತ್ತು. ಅದನ್ನು ಕಳೆದುಕೊಂಡೆವು, ಮರಳಿ ತರಬೇಕೆಂಬ ಹಟ ನನಗಿಲ್ಲ. ಆದರೆ ಬದುಕಿರುವ ಮಾತನ್ನು ಇಂಗ್ಲಿಷಿನ ತಕ್ಕಡಿಯಲ್ಲಿ ತೂಗಿ, ಅಲ್ಲಿ ಅದರ ಜೋಡಿ ಹಳತಾಯಿತೆಂದು ಇಲ್ಲಿಯೂ ಹಳತೆನ್ನುವುದು, ಹಳ್ಳಿಗರು ಆಡುತ್ತಾರೆಂದು ಗ್ರಾಮ್ಯವೆನ್ನುವುದು ಯಾವ ನ್ಯಾಯ? ಅದು ಸವೆತವಲ್ಲ, ನಾವಾಗಿ ಮಾಡಿಕೊಳ್ಳುವ ನಷ್ಟ.

ಈ ತಪ್ಪಿನಲ್ಲಿ ನಾನೂ ಪಾಲುಗಾರ. ಹೋದ ವರ್ಷ ವಿದ್ಯಾರ್ಥಿಯೊಬ್ಬನ ಪ್ರಬಂಧದಲ್ಲಿ ಬಂದ ‘ಎತ್ತಲಾಗೆ’ ಎಂಬುದರ ಕೆಳಗೆ ಕೆಂಪು ಗೆರೆ ಎಳೆದು ‘ಎಲ್ಲಿಗೆ’ ಎಂದು ತಿದ್ದಿದವನು ನಾನೇ. ತನ್ನ ಮನೆಯ ಮಾತನ್ನಾಡಲು ಆ ಹುಡುಗಿ ಅಂಜಿದ್ದು ಇಂಥ ಕೆಂಪು ಗೆರೆಗಳಿಗೆ. ಕನ್ನಡ ಕಲಿಸುವ ನಾವು ಮಕ್ಕಳ ಬಾಯಿಂದ ಕನ್ನಡವನ್ನು ಕಸಿದುಕೊಳ್ಳಬಾರದು.

ಅಂದು ಆಕೆಯ ಉತ್ತರವನ್ನೇ ಹಲಗೆಯ ಮೇಲೆ ಬರೆದೆ: ‘ಭಾರತ ಎತ್ತ?’ ತರಗತಿಯೆಲ್ಲ ಅದನ್ನು ಬರೆದುಕೊಂಡಿತು.